ಮರೆವಿನ ಬೇರು ಎಲ್ಲಿದೆ? ಆಲ್ಝೈಮರ್ ಕಾಯಿಲೆಯ ಸುತ್ತ ಒಂದು ಶತಮಾನದ ವಾದ

ಅಮೆರಿಕದ ಒಂದು ಕ್ರೈಸ್ತ ಸನ್ಯಾಸಿನಿಯರ ಪಂಗಡಕ್ಕೆ ಸೇರಿದ 678 ಮಂದಿ, ತಾವು ತೀರಿಕೊಂಡ ಮೇಲೆ ಮೆದುಳನ್ನು ಸಂಶೋಧನೆಗೆ ಕೊಡಲು ಒಪ್ಪಿಕೊಂಡಿದ್ದರು. ಡೇವಿಡ್ ಸ್ನೋಡನ್ ನಡೆಸಿದ ಈ ಅಧ್ಯಯನದಲ್ಲಿ ಬದುಕಿದ್ದಾಗಲೂ ಅವರ ನೆನಪಿನ ಪರೀಕ್ಷೆ ನಿಯಮಿತವಾಗಿ ನಡೆಯುತ್ತಿತ್ತು. ಅವರಲ್ಲೊಬ್ಬರಾದ ಸಿಸ್ಟರ್ ಮೇರಿ 101 ವರ್ಷ ಬದುಕಿದರು. ಸಾವಿಗೆ ಮುಂಚಿನ ಪರೀಕ್ಷೆಗಳಲ್ಲೂ ಒಳ್ಳೆಯ ಅಂಕ ಪಡೆದಿದ್ದರು. ಅವರ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆಲ್ಝೈಮರ್ ಕಾಯಿಲೆಯ ಗುರುತುಗಳು ಹೇರಳವಾಗಿ ಕಂಡವು. ಅಂಥದೇ ಗುರುತುಗಳಿದ್ದ ಬೇರೆ ಸನ್ಯಾಸಿನಿಯರು ನೆನಪು, ಬುದ್ಧಿ ಕುಂದುವ ಡಿಮೆನ್ಶಿಯಾಕ್ಕೆ ತುತ್ತಾಗಿದ್ದರು.

ಹಾಗಾದರೆ ಆಲ್ಝೈಮರ್ ಎನ್ನುವುದು ಆ ಗುರುತುಗಳೋ, ಅಥವಾ ಮರೆವೋ? ಗುರುತುಗಳೇ ಕಾರಣವಾಗಿದ್ದರೆ ಒಬ್ಬರಲ್ಲಿ ಬುದ್ಧಿ ಉಳಿದು ಇನ್ನೊಬ್ಬರಲ್ಲಿ ಅಳಿದದ್ದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ 5 ಕೋಟಿ 70 ಲಕ್ಷ ಮಂದಿಗೆ ಡಿಮೆನ್ಶಿಯಾ ಇತ್ತು. ಅದರಲ್ಲಿ ಶೇ 60ರಿಂದ 70ರಷ್ಟಕ್ಕೆ ಆಲ್ಝೈಮರ್ ಕಾರಣ. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಡಿಮೆನ್ಶಿಯಾದಿಂದ ಬಳಲುತ್ತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಟ್ಟದ ಅಧ್ಯಯನ ಅಂದಾಜಿಸಿದೆ. ಸಂಶೋಧನೆಯ ಹಣ ಎಲ್ಲಿಗೆ ಹೋಗಬೇಕು, ವೈದ್ಯರು ಏನು ಬರೆದುಕೊಡಬೇಕು, ಮನೆಯವರು ಎಷ್ಟು ಆಸೆ ಇಟ್ಟುಕೊಳ್ಳಬಹುದು ಎನ್ನುವುದೆಲ್ಲ ಮೇಲಿನ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ನಿಂತಿದೆ.

ಸಾಮಾನ್ಯ ಮರೆವು, ಕಾಯಿಲೆಯ ಮರೆವು

ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಪರಿಚಿತರ ಹೆಸರು ತಕ್ಷಣಕ್ಕೆ ನಾಲಿಗೆಗೆ ಬಾರದಿರುವುದು ವಯಸ್ಸಾದವರಲ್ಲಿ ಸಹಜ. ಆಲ್ಝೈಮರ್‌ನಲ್ಲಿ ಹೊಸ ನೆನಪು ನಿಲ್ಲುವುದೇ ಇಲ್ಲ. ಬೆಳಗ್ಗೆ ಬಂದುಹೋದ ನೆಂಟರು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ನಲವತ್ತು ವರ್ಷ ಹಿಂದಿನ ಮದುವೆಯ ವಿವರ ಮಾತ್ರ ಸ್ಪಷ್ಟವಾಗಿರುತ್ತದೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಊಟ ಮಾಡಿ ಕೈತೊಳೆದವರು ತಮಗೆ ಊಟವೇ ಹಾಕಿಲ್ಲ ಎನ್ನುತ್ತಾರೆ. ತಾವೇ ಎಲ್ಲೋ ಇಟ್ಟ ಒಡವೆಯನ್ನು ಸೊಸೆ ಕದ್ದಳು ಎಂದು ದೂರುತ್ತಾರೆ. ಲೆಕ್ಕ ತಪ್ಪುತ್ತದೆ, ಪದಗಳು ಸಿಗುವುದಿಲ್ಲ, ದಿನವೂ ನಡೆದ ಬೀದಿಯಲ್ಲೇ ದಾರಿ ತಪ್ಪುತ್ತದೆ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಅಭಿನಯಿಸಿದ ವೆಂಕೋಬರಾವ್ ಕಾಣೆಯಾಗುವುದು ಇಂಥ ಲಕ್ಷಣದಿಂದಲೇ.

ಕೆಲವರಲ್ಲಿ ಮರೆವಿಗಿಂತ ಮುಂಚೆ ನಿರಾಸಕ್ತಿ, ಮಂಕು, ಅನುಮಾನ ಕಾಣಿಸಿಕೊಳ್ಳುತ್ತವೆ. ಸಂಜೆಯಾಗುತ್ತಿದ್ದಂತೆ ತಳಮಳ ಹೆಚ್ಚುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ. ಮುಂದಿನ ಹಂತದಲ್ಲಿ ಸ್ನಾನ, ಬಟ್ಟೆಗೂ ನೆರವು ಬೇಕು. ಕೊನೆಯ ಹಂತದಲ್ಲಿ ತುತ್ತು ನುಂಗುವುದೂ ಕಷ್ಟ. ಎಷ್ಟೋ ಮಂದಿ ನ್ಯುಮೋನಿಯಾದಿಂದ ತೀರಿಕೊಳ್ಳುತ್ತಾರೆ. ಕಾಯಿಲೆ ಪತ್ತೆಯಾದ ಮೇಲೆ ಸರಾಸರಿ ನಾಲ್ಕರಿಂದ ಎಂಟು ವರ್ಷ ಬದುಕುತ್ತಾರೆ. ಇಪ್ಪತ್ತು ವರ್ಷ ಬದುಕಿದವರೂ ಇದ್ದಾರೆ.

ಎಲ್ಲ ಮರೆವೂ ಆಲ್ಝೈಮರ್ ಅಲ್ಲ ಎಂಬುದನ್ನು ಮನೆಮಂದಿ ತಿಳಿದಿರಲೇಬೇಕು. ಬಿ12 ವಿಟಮಿನ್ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದಾಗ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಕೆಲವು ಮಾತ್ರೆಗಳು ಸಹ ಮಂಕು ಕವಿಸುತ್ತವೆ. ಇವಕ್ಕೆ ಚಿಕಿತ್ಸೆಯಿದೆ. ‘ಅರವತ್ತಕ್ಕೆ ಅರಳು ಮರಳು’ ಎಂದು ಸುಮ್ಮನಾದರೆ ಸರಿಪಡಿಸಬಹುದಾದ ತೊಂದರೆಯೂ ಹಾಗೆಯೇ ಉಳಿದುಬಿಡುತ್ತದೆ.

ಒಬ್ಬ ಮಹಿಳೆಯ ಕಾಯಿಲೆಯಿಂದ ಕೋಟಿ ಜನರ ಕಾಯಿಲೆಗೆ

1901ರ ನವೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮಾನಸಿಕ ಆಸ್ಪತ್ರೆಗೆ ಆಗಸ್ಟೆ ಡೀಟರ್ ಎಂಬ 51 ವರ್ಷದ ಮಹಿಳೆ ದಾಖಲಾದರು. ಗಂಡನ ಮೇಲೆ ವಿಪರೀತ ಸಂಶಯ, ಬರೆಯಲು ಹೊರಟರೆ ತನ್ನ ಹೆಸರೇ ಮರೆತುಹೋಗುವ ಸ್ಥಿತಿ. ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯರು ಅವರ ಪ್ರತಿ ಮಾತನ್ನೂ ಕಡತದಲ್ಲಿ ಬರೆದಿಟ್ಟರು. 1906ರಲ್ಲಿ ಆಕೆ ತೀರಿಕೊಂಡಾಗ ಮೆದುಳನ್ನು ತರಿಸಿಕೊಂಡು ನೋಡಿದರು. ನರಕೋಶಗಳ ಹೊರಗೆ ಪ್ರೋಟೀನಿನ ಗಸಿ ಕಟ್ಟಿಕೊಂಡಿತ್ತು, ಕೋಶಗಳ ಒಳಗೆ ಎಳೆಗಳು ಸಿಕ್ಕುಗಟ್ಟಿದ್ದವು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗನ್‌ನಲ್ಲಿ ಅವರು ಇದನ್ನು ಮಂಡಿಸಿದರು.

1910ರಲ್ಲಿ ಎಮಿಲ್ ಕ್ರೆಪೆಲಿನ್ ತಮ್ಮ ಮನೋವೈದ್ಯಶಾಸ್ತ್ರದ ಪಠ್ಯದಲ್ಲಿ ಈ ಕಾಯಿಲೆಗೆ ಆಲ್ಝೈಮರ್ ಹೆಸರಿಟ್ಟರು. ಮಧ್ಯವಯಸ್ಸಿನವರಿಗೆ ಬರುವ ಅಪರೂಪದ ಕಾಯಿಲೆ ಎಂಬ ಅರ್ಥ ಅದಕ್ಕೆ ಅಂಟಿತು. ಪ್ರಾಗ್‌ನ ಆಸ್ಕರ್ ಫಿಶರ್ 1907ರಲ್ಲೇ ವೃದ್ಧ ರೋಗಿಗಳ ಮೆದುಳಿನಲ್ಲೂ ಇದೇ ಗಸಿಯನ್ನು ಕಂಡಿದ್ದರು. ಆದರೂ ಮುದುಕರ ಮರೆವನ್ನು ಮುಪ್ಪಿನ ಭಾಗವೆಂದೇ ವೈದ್ಯಲೋಕ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಭಾವಿಸಿತು.

1960ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಬ್ಲೆಸೆಡ್, ಟಾಮ್ಲಿನ್ಸನ್ ಮತ್ತು ರಾತ್ ಎಂಬ ಸಂಶೋಧಕರು, ಮೆದುಳಿನ ಗಸಿ ಹೆಚ್ಚಿದಷ್ಟೂ ವೃದ್ಧರ ಬುದ್ಧಿ ಕುಂದಿರುವುದನ್ನು ಲೆಕ್ಕಹಾಕಿ ತೋರಿಸಿದರು. 1976ರಲ್ಲಿ ಅಮೆರಿಕದ ನರವೈದ್ಯ ರಾಬರ್ಟ್ ಕ್ಯಾಟ್ಜ್‌ಮನ್ ಒಂದು ಚಿಕ್ಕ ಸಂಪಾದಕೀಯ ಬರೆದು, ಮಧ್ಯವಯಸ್ಸಿನ ಆಲ್ಝೈಮರ್ ಮತ್ತು ಮುಪ್ಪಿನ ಡಿಮೆನ್ಶಿಯಾ ಒಂದೇ ಎಂದು ವಾದಿಸಿದರು. ಅಲ್ಲಿಂದ ಮುಂದೆ ಅಪರೂಪದ ಕಾಯಿಲೆ ಸಾವಿನ ದೊಡ್ಡ ಕಾರಣಗಳ ಪಟ್ಟಿಗೆ ಸೇರಿತು, ಸಂಶೋಧನೆಗೆ ಹಣವೂ ಬಂತು. ಎರಡನ್ನೂ ಒಂದು ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಈಗ ಮತ್ತೆ ಎದ್ದಿದೆ.

ಮೊದಲ ವಿವರಣೆ: ಬತ್ತಿದ ರಾಸಾಯನಿಕ

1976ರ ಸುಮಾರಿಗೆ ಬ್ರಿಟನ್ನಿನ ಪೀಟರ್ ಡೇವಿಸ್ ಮತ್ತಿತರರು, ರೋಗಿಗಳ ಮೆದುಳಿನಲ್ಲಿ ನೆನಪಿಗೆ ಅಗತ್ಯವಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕಿಣ್ವ ತೀರಾ ಕಡಿಮೆಯಿರುವುದನ್ನು ಕಂಡರು. ಇರುವ ಅಸಿಟೈಲ್‌ಕೋಲಿನ್ ಒಡೆದುಹೋಗದಂತೆ ತಡೆದರೆ ನೆನಪು ಸುಧಾರಿಸಬಹುದೆಂಬ ತರ್ಕದಿಂದ ಮೊದಲ ಔಷಧಗಳು ಹುಟ್ಟಿದವು. 1993ರಲ್ಲಿ ಬಂದ ಟ್ಯಾಕ್ರಿನ್ ಯಕೃತ್ತಿಗೆ ಹಾನಿ ಮಾಡುತ್ತಿತ್ತು. 1996ರಲ್ಲಿ ಬಂದ ಡೊನೆಪೆಜಿಲ್, ಅದರ ಬೆನ್ನಿಗೆ ಬಂದ ರಿವಾಸ್ಟಿಗ್ಮಿನ್ ಮತ್ತು ಗ್ಯಾಲಂಟಮಿನ್ ಇಂದಿಗೂ ಬಳಕೆಯಲ್ಲಿವೆ. ಬೇರೊಂದು ರಾಸಾಯನಿಕ ವ್ಯವಸ್ಥೆಯ ಮೇಲೆ ಕೆಲಸ ಮಾಡುವ ಮೆಮಾಂಟಿನ್ ಅನ್ನು ಮಧ್ಯಮ ಮತ್ತು ತೀವ್ರ ಹಂತದಲ್ಲಿ ಕೊಡುತ್ತಾರೆ.

ಭಾರತದ ರೋಗಿಗಳಿಗೆ ಸಾಮಾನ್ಯವಾಗಿ ಸಿಗುವುದು ಇವೇ ಮಾತ್ರೆಗಳು. ಕೆಲವರಲ್ಲಿ ಕೆಲವು ಕಾಲ ಲಕ್ಷಣಗಳು ಹದಕ್ಕೆ ಬರುತ್ತವೆ. ನರಕೋಶಗಳ ಸಾವು ಮಾತ್ರ ನಿಲ್ಲುವುದಿಲ್ಲ. ಈ ವಿವರಣೆ ಕಾಯಿಲೆಯ ಪರಿಣಾಮವನ್ನು ಹಿಡಿಯಿತು, ಮೂಲವನ್ನು ಮುಟ್ಟಲಿಲ್ಲ.

ಅಮೈಲಾಯ್ಡ್ ಪಂಥ

1984ರಲ್ಲಿ ಜಾರ್ಜ್ ಗ್ಲೆನರ್ ಮತ್ತು ಕೇನ್ ವಾಂಗ್ ಆ ಗಸಿಯ ಮುಖ್ಯ ಅಂಶವಾದ ಬೀಟಾ ಅಮೈಲಾಯ್ಡ್ ಪ್ರೋಟೀನನ್ನು ಬೇರ್ಪಡಿಸಿದರು. ಇದರ ಮೂಲ ಪ್ರೋಟೀನಿನ ಜೀನ್ ಇರುವುದು 21ನೆಯ ವರ್ಣತಂತುವಿನಲ್ಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಆ ವರ್ಣತಂತು ಎರಡರ ಬದಲು ಮೂರು ಇರುತ್ತದೆ, ಅವರಿಗೆ ನಡುವಯಸ್ಸಿನಲ್ಲೇ ಆಲ್ಝೈಮರ್ ಬರುತ್ತದೆ. 1991ರಲ್ಲಿ ಲಂಡನ್ ತಂಡವೊಂದು, ತಲೆಮಾರುಗಳಿಂದ ಕಾಯಿಲೆಗೆ ತುತ್ತಾಗುತ್ತಿದ್ದ ಕುಟುಂಬದಲ್ಲಿ ಇದೇ ಜೀನಿನ ದೋಷವನ್ನು ಗುರುತಿಸಿತು. ಮರುವರ್ಷ ಜಾನ್ ಹಾರ್ಡಿ ಮತ್ತು ಜೆರಾಲ್ಡ್ ಹಿಗಿನ್ಸ್ ವಾದವನ್ನು ಪೂರ್ಣರೂಪದಲ್ಲಿ ಮುಂದಿಟ್ಟರು: ಮೊದಲು ಅಮೈಲಾಯ್ಡ್ ಶೇಖರಣೆ, ಅದರಿಂದ ಸಿಕ್ಕುಗಳು, ನರಕೋಶಗಳ ಸಾವು, ಕೊನೆಗೆ ಮರೆವು. 2012ರಲ್ಲಿ ಐಸ್‌ಲೆಂಡಿನ ಜನರಲ್ಲಿ ಅಮೈಲಾಯ್ಡ್ ಉತ್ಪತ್ತಿಯನ್ನು ತಗ್ಗಿಸಿ ಕಾಯಿಲೆಯಿಂದ ರಕ್ಷಿಸುವ ಜೀನ್ ಬದಲಾವಣೆ ಪತ್ತೆಯಾದಾಗ ಈ ಪಂಥದ ಕೈ ಮೇಲಾಯಿತು.

ಔಷಧದ ಪ್ರಯೋಗಗಳು ಮಾತ್ರ ಒಂದರ ಹಿಂದೆ ಒಂದು ಸೋತವು. ಮೊದಲ ಲಸಿಕೆಯ ಪ್ರಯೋಗ ಸುಮಾರು ಶೇ 6ರಷ್ಟು ಮಂದಿಗೆ ಮೆದುಳಿನ ಉರಿಯೂತ ತಂದು 2002ರಲ್ಲಿ ನಿಂತಿತು. 2012ರಲ್ಲಿ ಬಾಪಿನ್ಯೂಜುಮ್ಯಾಬ್ ಮತ್ತು ಸೊಲನೆಜುಮ್ಯಾಬ್ ಎಂಬ ಪ್ರತಿಕಾಯಗಳು ವಿಫಲವಾದವು. ಅಮೈಲಾಯ್ಡ್ ತಯಾರಾಗುವುದನ್ನೇ ತಡೆಯುವ ಮಾತ್ರೆಗಳು ಕೆಲವರ ಬುದ್ಧಿಯನ್ನು ಇನ್ನಷ್ಟು ಕುಂದಿಸಿದವು. 2021ರಲ್ಲಿ ತಜ್ಞರ ಸಲಹಾ ಸಮಿತಿಯ ಅಭಿಪ್ರಾಯವನ್ನು ಮೀರಿ ಅಮೆರಿಕದ ಔಷಧ ನಿಯಂತ್ರಕರು ಅಡುಕನುಮ್ಯಾಬ್‌ಗೆ ಅನುಮತಿ ಕೊಟ್ಟಾಗ ಸಮಿತಿಯ ಮೂವರು ರಾಜೀನಾಮೆ ಕೊಟ್ಟರು. 2024ರಲ್ಲಿ ತಯಾರಕರೇ ಅದನ್ನು ಕೈಬಿಟ್ಟರು. ಒಂದು ವಿಶೇಷ ಬಗೆಯ ಅಮೈಲಾಯ್ಡ್ ಇಲಿಗಳಲ್ಲಿ ಮರೆವು ತರುತ್ತದೆ ಎಂದಿದ್ದ 2006ರ ಪ್ರಸಿದ್ಧ ಪ್ರಬಂಧವನ್ನು, ಚಿತ್ರಗಳನ್ನು ತಿದ್ದಿದ ಕಾರಣಕ್ಕೆ, 2024ರಲ್ಲೇ ಹಿಂಪಡೆಯಲಾಯಿತು. ಆ ಪ್ರಬಂಧ ಬಿದ್ದರೆ ಇಡೀ ವಾದ ಬೀಳುವುದಿಲ್ಲ, ಏಕೆಂದರೆ ವಾದದ ತಳಹದಿ ಇರುವುದು ಕುಟುಂಬಗಳ ಜೀನ್ ಅಧ್ಯಯನದಲ್ಲಿ. ಆದರೂ ಸಂಶೋಧನೆಯ ಮೇಲಿನ ನಂಬಿಕೆಗೆ ಪೆಟ್ಟು ಬಿತ್ತು.

ಅಮೈಲಾಯ್ಡ್ ತೆಗೆಯುವ ಲೆಕನೆಮ್ಯಾಬ್ ಎಂಬ ಪ್ರತಿಕಾಯ ಬಂದಾಗ ಗಾಳಿ ಬದಲಾಯಿತು. ಆರಂಭದ ಹಂತದ 1,795 ರೋಗಿಗಳ ಮೇಲೆ 18 ತಿಂಗಳು ನಡೆದ ಪ್ರಯೋಗದಲ್ಲಿ, ಹುಸಿಮದ್ದು ಪಡೆದವರಿಗೆ ಹೋಲಿಸಿದರೆ ಕಾಯಿಲೆಯ ಓಟ ಶೇ 27ರಷ್ಟು ತಗ್ಗಿತು. 2023ರಲ್ಲಿ ಅದಕ್ಕೆ, 2024ರಲ್ಲಿ ಅಂಥದೇ ಡೊನನೆಮ್ಯಾಬ್‌ಗೆ ಅಮೆರಿಕ ಪೂರ್ಣ ಅನುಮತಿ ನೀಡಿತು. ಶೇ 27 ಎಂಬುದರ ಹಿಂದಿರುವುದು 18 ಅಂಕಗಳ ಮಾಪನದಲ್ಲಿ 0.45ರ ವ್ಯತ್ಯಾಸ. ಕೆಲವು ತಿಂಗಳ ಕಾಲ ಸ್ವಂತ ಲೆಕ್ಕ, ಸ್ವಂತ ಓಡಾಟ ಉಳಿದರೆ ಅದೇ ದೊಡ್ಡದು ಎಂದು ಒಂದು ಬಣ ಹೇಳುತ್ತದೆ. ಮನೆಯವರ ಕಣ್ಣಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ ಎನ್ನುತ್ತದೆ ಇನ್ನೊಂದು. ಅಪಾಯವೂ ಇದೆ. ಮೆದುಳಿನ ಬಾವು ಲೆಕನೆಮ್ಯಾಬ್ ಪಡೆದವರಲ್ಲಿ ಶೇ 12.6, ಡೊನನೆಮ್ಯಾಬ್ ಪಡೆದವರಲ್ಲಿ ಶೇ 24ರಷ್ಟು ಮಂದಿಗೆ ಸ್ಕ್ಯಾನ್‌ನಲ್ಲಿ ಕಂಡಿತು. ಬಹುಪಾಲು ಲಕ್ಷಣವಿಲ್ಲದೆ ಇಳಿದರೂ ಕೆಲವು ಸಾವುಗಳೂ ಆಗಿವೆ. ಲೆಕನೆಮ್ಯಾಬ್‌ಗೆ ಅಮೆರಿಕದಲ್ಲಿ ಇಟ್ಟ ಬೆಲೆ ವರ್ಷಕ್ಕೆ 26,500 ಡಾಲರ್.

ಟೌ ಪಂಥ

ಕೋಶದೊಳಗಿನ ಸಿಕ್ಕು ಟೌ ಎಂಬ ಪ್ರೋಟೀನಿನದು ಎಂದು 1980ರ ದಶಕದ ಮಧ್ಯದಲ್ಲಿ ತಿಳಿಯಿತು. ಜರ್ಮನಿಯ ಹೈಕೊ ಬ್ರಾಕ್ ಮತ್ತು ಇವಾ ಬ್ರಾಕ್ ದಂಪತಿ 1991ರಲ್ಲಿ ಈ ಸಿಕ್ಕುಗಳು ಹರಡುವ ದಾರಿಯನ್ನು ಆರು ಹಂತಗಳಲ್ಲಿ ಗುರುತಿಸಿದರು. ನೆನಪಿನ ಕೇಂದ್ರಕ್ಕೆ ಹೊಂದಿಕೊಂಡ ಭಾಗದಲ್ಲಿ ಶುರುವಾಗಿ ಅವು ಹೊರಗಿನ ಪದರಗಳಿಗೆ ಹಬ್ಬುತ್ತವೆ. ಅಮೈಲಾಯ್ಡ್ ಎಲ್ಲಿದೆ, ಎಷ್ಟಿದೆ ಎನ್ನುವುದಕ್ಕಿಂತ ಟೌ ಎಲ್ಲಿಯವರೆಗೆ ಹಬ್ಬಿದೆ ಎನ್ನುವುದು ರೋಗಿಯ ಲಕ್ಷಣಗಳಿಗೆ ಚೆನ್ನಾಗಿ ತಾಳೆಯಾಗುತ್ತದೆ. ಈ ಪಂಥದ ಬಲ ಅದೇ.

ಕೊಲಂಬಿಯಾದ ಆಂಟಿಯೋಕಿಯಾ ಪ್ರಾಂತ್ಯದಲ್ಲಿ ನರವೈದ್ಯ ಫ್ರಾನ್ಸಿಸ್ಕೊ ಲೊಪೆರಾ ದಶಕಗಳ ಕಾಲ ಒಂದು ದೊಡ್ಡ ಬಂಧುಬಳಗವನ್ನು ಅಧ್ಯಯನ ಮಾಡಿದರು. ಅಲ್ಲಿ ಪ್ರೆಸೆನಿಲಿನ್ 1 ಎಂಬ ಜೀನಿನ ದೋಷ ಹೊತ್ತವರಿಗೆ ನಲವತ್ತರ ಹರೆಯದಲ್ಲೇ ಮರೆವು ಶುರುವಾಗುತ್ತದೆ. ಅದೇ ದೋಷವಿದ್ದ ಒಬ್ಬ ಮಹಿಳೆಗೆ ಎಪ್ಪತ್ತು ದಾಟುವವರೆಗೂ ಏನೂ ಆಗಲಿಲ್ಲ. 2019ರಲ್ಲಿ ಪ್ರಕಟವಾದ ವರದಿಯಂತೆ ಆಕೆಯ ಮೆದುಳಿನಲ್ಲಿ ಅಮೈಲಾಯ್ಡ್ ವಿಪರೀತವಿತ್ತು, ಟೌ ಕಡಿಮೆಯಿತ್ತು. ಆಕೆಯಲ್ಲಿ ಎಪಿಒಇ ಜೀನಿನ ‘ಕ್ರೈಸ್ಟ್‌ಚರ್ಚ್’ ಎಂಬ ಅಪರೂಪದ ರೂಪ ಎರಡು ಪ್ರತಿಗಳಲ್ಲಿ ಇತ್ತು. ಅಮೈಲಾಯ್ಡ್‌ನಿಂದ ಟೌಗೆ ಹೋಗುವ ಕೊಂಡಿಯನ್ನು ಕಡಿಯಬಹುದು ಎಂಬ ಸೂಚನೆ ಇದರಲ್ಲಿದೆ. ಟೌವನ್ನು ಗುರಿಯಾಗಿಸಿಕೊಂಡ ಹಲವು ಪ್ರತಿಕಾಯಗಳು ಈವರೆಗೆ ಪ್ರಯೋಗಗಳಲ್ಲಿ ಸೋತಿವೆ.

ಉರಿಯೂತ ಮತ್ತು ಸೋಂಕು

ಇದೇ ಎಪಿಒಇ ಜೀನಿನ ನಾಲ್ಕನೆಯ ರೂಪವು ಮುಪ್ಪಿನ ಆಲ್ಝೈಮರ್ ಅಪಾಯವನ್ನು ಹೆಚ್ಚಿಸುತ್ತದೆ ಎಂದು 1993ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಆಲೆನ್ ರೋಸಸ್ ತಂಡ ಕಂಡುಹಿಡಿದಿತ್ತು. ಕೊಬ್ಬಿನ ಸಾಗಣೆಗೆ ಸಂಬಂಧಿಸಿದ ಜೀನ್ ಅದು. 2012ರ ಕೊನೆಗೆ, ಮೆದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾದಲ್ಲಿ ಕೆಲಸ ಮಾಡುವ ಟ್ರೆಮ್2 ಜೀನಿನ ನಂಟು ಸಿಕ್ಕಿತು. ರೋಗನಿರೋಧಕ ವ್ಯವಸ್ಥೆ ಕಾಯಿಲೆಯಲ್ಲಿ ಪಾತ್ರ ವಹಿಸುತ್ತದೆ ಎಂಬುದು ಆಗ ಖಚಿತವಾಯಿತು.

ಬ್ರಿಟನ್ನಿನ ರೂತ್ ಇಟ್ಜಾಕಿ 1990ರ ದಶಕದಿಂದಲೂ ಹರ್ಪಿಸ್ ವೈರಸ್‌ನತ್ತ ಬೊಟ್ಟು ಮಾಡುತ್ತ ಬಂದವರು. ಬಹುಕಾಲ ಅಂಚಿನಲ್ಲಿದ್ದ ಈ ವಾದಕ್ಕೆ 2025ರಲ್ಲಿ ವೇಲ್ಸ್‌ನಿಂದ ಬಲ ಬಂತು. ಅಲ್ಲಿ 1933ರ ಸೆಪ್ಟೆಂಬರ್ 2ರಂದು ಅಥವಾ ಅನಂತರ ಹುಟ್ಟಿದವರಿಗೆ ಮಾತ್ರ, ಹರ್ಪಿಸ್ ಕುಟುಂಬದ ವೈರಸ್‌ನಿಂದ ಬರುವ ಸರ್ಪಸುತ್ತಿನ ಲಸಿಕೆ ಪಡೆಯುವ ಅರ್ಹತೆ ಸಿಕ್ಕಿತ್ತು. ಆ ದಿನಾಂಕದ ಆಚೀಚೆ ಹುಟ್ಟಿದವರನ್ನು ಹೋಲಿಸಿದಾಗ, ಲಸಿಕೆ ಪಡೆದವರಲ್ಲಿ ಏಳು ವರ್ಷಗಳಲ್ಲಿ ಡಿಮೆನ್ಶಿಯಾ ಸುಮಾರು ಐದನೆಯ ಒಂದು ಪಾಲು ಕಡಿಮೆಯಾಗಿತ್ತು. ಆದರೆ ಈಗಾಗಲೇ ಆಲ್ಝೈಮರ್ ಇರುವವರಿಗೆ ವೈರಸ್ ವಿರುದ್ಧದ ವ್ಯಾಲಸೈಕ್ಲೊವಿರ್ ಕೊಟ್ಟ ಅಮೆರಿಕದ ಪ್ರಯೋಗ ಅದೇ ವರ್ಷ ಫಲ ತೋರಿಸಲಿಲ್ಲ.

ರಕ್ತನಾಳ, ಬದುಕು, ಮೆದುಳಿನ ಉಳಿತಾಯ

ಸನ್ಯಾಸಿನಿಯರ ಅಧ್ಯಯನ 1997ರಲ್ಲಿ ಇನ್ನೊಂದು ಸುಳಿವು ಕೊಟ್ಟಿತ್ತು. ಆಲ್ಝೈಮರ್ ಗುರುತುಗಳ ಜತೆಗೆ ಸಣ್ಣಪುಟ್ಟ ಪಾರ್ಶ್ವವಾಯುವಿನ ಗಾಯಗಳೂ ಇದ್ದವರಲ್ಲಿ ಡಿಮೆನ್ಶಿಯಾ ಹೆಚ್ಚಾಗಿ ಕಂಡಿತು. ವೃದ್ಧರ ಮೆದುಳಿನಲ್ಲಿ ಒಂದೇ ದೋಷ ಇರುವುದಕ್ಕಿಂತ ಹಲವು ಬೆರೆತಿರುವುದೇ ಹೆಚ್ಚು ಎಂದು ಶವಪರೀಕ್ಷೆಗಳು ಪದೇ ಪದೇ ತೋರಿಸಿವೆ.

ರಕ್ತನಾಳ ಮತ್ತು ಬದುಕಿನ ರೀತಿಗೆ ಒತ್ತು ಕೊಡುವ ಪಂಥದ ದೊಡ್ಡ ದನಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ. ಕಡಿಮೆ ಶಿಕ್ಷಣ, ಕಿವುಡು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಖಿನ್ನತೆ, ಒಂಟಿತನ, ವಾಯುಮಾಲಿನ್ಯ, ದೃಷ್ಟಿದೋಷ ಸೇರಿದಂತೆ 14 ಅಂಶಗಳನ್ನು ಸರಿಪಡಿಸಿದರೆ ಜಗತ್ತಿನ ಸುಮಾರು ಶೇ 45ರಷ್ಟು ಡಿಮೆನ್ಶಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅದು 2024ರಲ್ಲಿ ಅಂದಾಜಿಸಿತು. 2015ರಲ್ಲಿ ಫಿನ್‌ಲೆಂಡಿನ ಮೀಯಾ ಕಿವಿಪೆಲ್ಟೊ ತಂಡ 1,260 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಆಹಾರ, ವ್ಯಾಯಾಮ, ಮೆದುಳಿನ ತರಬೇತಿ, ರಕ್ತದೊತ್ತಡದ ನಿಗಾ ಎಲ್ಲವನ್ನೂ ಒಟ್ಟಿಗೆ ಕೊಟ್ಟು ಬುದ್ಧಿಶಕ್ತಿಯಲ್ಲಿ ಸುಧಾರಣೆ ಕಂಡಿತ್ತು. ಈ ವಾದದ ಮಿತಿಯೆಂದರೆ ನಂಟು ಕಂಡಲ್ಲೆಲ್ಲ ಕಾರಣವಿರಬೇಕೆಂದಿಲ್ಲ. ಸಕ್ಕರೆ ಕಾಯಿಲೆಗೂ ಡಿಮೆನ್ಶಿಯಾಕ್ಕೂ ನಂಟಿದೆಯೆಂದು, ಸಕ್ಕರೆ ಕಾಯಿಲೆಯ ಔಷಧವಾದ ಸೆಮಗ್ಲುಟೈಡ್ ಮೇಲೆ ಇಟ್ಟಿದ್ದ ಆಸೆ 2025ರ ದೊಡ್ಡ ಪ್ರಯೋಗಗಳಲ್ಲಿ ಕೈಗೂಡಲಿಲ್ಲ.

ಸಿಸ್ಟರ್ ಮೇರಿಯಂಥವರನ್ನು ವಿವರಿಸಲು ಸಂಶೋಧಕರು ಮೆದುಳಿನ ‘ಉಳಿತಾಯ’ದ ಮಾತಾಡುತ್ತಾರೆ. ಓದು, ದುಡಿಮೆ, ಒಡನಾಟಗಳಿಂದ ಮೆದುಳು ಬದಲಿ ದಾರಿಗಳನ್ನು ಕಟ್ಟಿಕೊಂಡಿದ್ದರೆ ಹಾನಿಯನ್ನು ಹೆಚ್ಚು ಕಾಲ ತಾಳಿಕೊಳ್ಳುತ್ತದೆ. ಈ ವಾದಕ್ಕೆ ಭಾರತದಿಂದ ಮಹತ್ವದ ಸಾಕ್ಷ್ಯ ಸಿಕ್ಕಿದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ಡಿಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿದ್ದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದುಬರಹ ಬಾರದವರಲ್ಲೂ ಈ ಲಾಭ ಕಂಡಿತ್ತು. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನು ಅನುಮೋದಿಸಿಲ್ಲ.

ನಮ್ಮ ಊರುಗಳಲ್ಲಿ ಪ್ರಶ್ನೆ ಬೇರೆ

2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಹರಿಯಾಣದ ಬಲ್ಲಭಗಢದ ಹಳ್ಳಿಗಳನ್ನೂ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಪ್ರದೇಶವನ್ನೂ ಹೋಲಿಸಿತು. 65 ದಾಟಿದ ಸಾವಿರ ಮಂದಿಯಲ್ಲಿ ವರ್ಷಕ್ಕೆ ಹೊಸದಾಗಿ ಆಲ್ಝೈಮರ್ ಬಂದವರು ಅಲ್ಲಿ 17.5, ಇಲ್ಲಿ 4.7. ಜಗತ್ತಿನಲ್ಲಿ ವರದಿಯಾದ ಅತಿ ಕಡಿಮೆ ಪ್ರಮಾಣಗಳಲ್ಲಿ ಇದೂ ಒಂದು. ಕಾಯಿಲೆ ನಿಜಕ್ಕೂ ಕಡಿಮೆಯೇ, ರೋಗಿಗಳು ಬೇಗ ಸಾಯುತ್ತಿದ್ದರೇ, ಇಲ್ಲವೇ ತುಂಬಿದ ಮನೆಯಲ್ಲಿ ಅಜ್ಜಿಯ ಮರೆವನ್ನು ಯಾರೂ ಗಮನಿಸಲಿಲ್ಲವೇ? 2023ರ ಅಂದಾಜಿನಲ್ಲಿ ಡಿಮೆನ್ಶಿಯಾದ ಪ್ರಮಾಣ ಪುರುಷರಿಗಿಂತ ಮಹಿಳೆಯರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚಿದೆ. ಶಾಲೆಯ ಮೆಟ್ಟಿಲು ಹತ್ತದ ಒಂದು ತಲೆಮಾರಿನ ಹೆಣ್ಣುಮಕ್ಕಳಿಗೆ ಆದ ಅನ್ಯಾಯ ಅವರ ಮುಪ್ಪಿನವರೆಗೂ ಬೆನ್ನುಹತ್ತಿ ಬಂದಿದೆ ಎಂಬ ಸೂಚನೆ ಇದರಲ್ಲಿದೆ.

ಪರೀಕ್ಷಿಸುವ ವಿಧಾನವೂ ತೊಡಕಿನದೇ. ನೂರರಿಂದ ಏಳೇಳು ಕಳೆಯಿರಿ, ವಾಕ್ಯ ಬರೆಯಿರಿ ಎಂದು ಅಕ್ಷರ ಕಲಿಯದವರನ್ನು ಕೇಳಿದರೆ ಅವರು ಸೋಲುವುದು ಕಾಯಿಲೆಯಿಂದಲ್ಲ. ಹೀಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳನ್ನು ರೂಪಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ದೀರ್ಘಕಾಲ ಗಮನಿಸುವ ಅಧ್ಯಯನ ನಡೆಸುತ್ತಿದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜತೆಗೂಡಿ ಜಿಲ್ಲಾ ಆಸ್ಪತ್ರೆಗಳಿಗೆ ಮೆದುಳು ಆರೋಗ್ಯ ಚಿಕಿತ್ಸಾಲಯಗಳನ್ನು ತರತೊಡಗಿದೆ.

ಆರೈಕೆಯ ಭಾರ ಹೊರುವುದು ಮನೆ, ಮನೆಯಲ್ಲಿ ಹೆಚ್ಚಾಗಿ ಹೆಂಗಸರು. ರೋಗಿಯ ಮಾತನ್ನು ತಿದ್ದುತ್ತ ವಾದ ಮಾಡದಿರುವುದು, ದಿನಚರಿ ಬದಲಿಸದಿರುವುದು, ಕಿಸೆಯಲ್ಲಿ ಹೆಸರು ಮತ್ತು ಫೋನ್ ನಂಬರಿನ ಚೀಟಿ ಇಡುವುದು, ಆರೈಕೆ ಮಾಡುವವರಿಗೆ ಸರದಿಯಂತೆ ಬಿಡುವು ಕೊಡುವುದು ಯಾವ ಪಂಥ ಗೆದ್ದರೂ ಬೇಕಾದ ಚಿಕಿತ್ಸೆ. 1992ರಲ್ಲಿ ಕೇರಳದಲ್ಲಿ ಆರಂಭವಾದ ಆಲ್ಝೈಮರ್ ಸಂಘ, ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳು ಈ ಕೆಲಸದಲ್ಲಿವೆ. ಅಗತ್ಯಕ್ಕೆ ಹೋಲಿಸಿದರೆ ಅವು ತೀರಾ ಕೆಲವೇ.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು, ಕಾಯಿಲೆಯನ್ನು ಗುರುತಿಸುವುದು ಹೇಗೆ ಎಂಬ ವಿವಾದ. ಪಿ-ಟೌ217 ಎಂಬ ಅಂಶವನ್ನು ಅಳೆಯುವ ರಕ್ತಪರೀಕ್ಷೆಗೆ 2025ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ರಕ್ತದಲ್ಲಿ ಅಥವಾ ಸ್ಕ್ಯಾನ್‌ನಲ್ಲಿ ಗುರುತು ಸಿಕ್ಕರೆ ಲಕ್ಷಣ ಇಲ್ಲದಿದ್ದರೂ ಅದು ಆಲ್ಝೈಮರ್ ಎಂದು ಕ್ಲಿಫರ್ಡ್ ಜ್ಯಾಕ್ ನೇತೃತ್ವದ ಅಮೆರಿಕದ ತಜ್ಞರು 2024ರಲ್ಲಿ ವ್ಯಾಖ್ಯಾನಿಸಿದರು. ಲಕ್ಷಣವಿಲ್ಲದವರನ್ನು ರೋಗಿ ಎನ್ನಬಾರದು, ಅವರಲ್ಲಿ ಎಷ್ಟೋ ಮಂದಿಗೆ ಮರೆವು ಬರುವುದೇ ಇಲ್ಲ ಎಂದು ಫ್ರಾನ್ಸಿನ ಬ್ರೂನೊ ಡುಬ್ವಾ ಮತ್ತಿತರರು ವಾದಿಸುತ್ತಾರೆ. ಸಿಸ್ಟರ್ ಮೇರಿ ಮೊದಲ ವ್ಯಾಖ್ಯಾನದಲ್ಲಿ ರೋಗಿ, ಎರಡನೆಯದರಲ್ಲಿ ಅಲ್ಲ.

ಅಮೈಲಾಯ್ಡ್ ಬೇಗ ತೆಗೆದರೆ ಕಾಯಿಲೆ ಬರುವುದೇ ಇಲ್ಲವೇ ಎಂಬುದು ಎರಡನೆಯ ಪ್ರಶ್ನೆ. ಲಕ್ಷಣ ಕಾಣುವ 15ರಿಂದ 20 ವರ್ಷ ಮೊದಲೇ ಗಸಿ ಕಟ್ಟಲು ಶುರುವಾಗುವುದರಿಂದ, ಆರೋಗ್ಯವಂತರ ಮೇಲೆ ಲೆಕನೆಮ್ಯಾಬ್ ಮತ್ತು ಡೊನನೆಮ್ಯಾಬ್ ಪ್ರಯೋಗಗಳು ಆರಂಭವಾಗಿವೆ. ಅವು ಗೆದ್ದರೆ ಅಮೈಲಾಯ್ಡ್ ಪಂಥಕ್ಕೆ ದೊಡ್ಡ ಬಲ. ಸೋತರೆ ಗಸಿ ಕಾರಣವೋ, ಬೇರೆ ಕಾರಣದ ಗುರುತೋ ಎಂಬ ಹಳೆಯ ಸಂದೇಹ ಗಟ್ಟಿಯಾಗುತ್ತದೆ. ಮಧ್ಯಮ ಮತ್ತು ತೀವ್ರ ಹಂತದ ರೋಗಿಗಳಿಗೆ ಈ ಔಷಧಗಳಿಂದ ಏನಾದರೂ ಲಾಭವಿದೆಯೇ ಎಂಬುದಕ್ಕೂ ಉತ್ತರವಿಲ್ಲ, ಪ್ರಯೋಗಗಳಲ್ಲಿ ಅವರಿರಲಿಲ್ಲ.

ಮಹಿಳೆಯರಲ್ಲಿ ಕಾಯಿಲೆ ಹೆಚ್ಚಿರುವುದಕ್ಕೆ ದೀರ್ಘಾಯುಷ್ಯ, ಹಾರ್ಮೋನು, ಶಿಕ್ಷಣದ ಕೊರತೆ ಇವುಗಳಲ್ಲಿ ಯಾವುದರ ಪಾಲು ಎಷ್ಟು? ಐವತ್ತರಲ್ಲಿ ಬರುವ ಕಾಯಿಲೆಯೂ ಎಂಬತ್ತೈದರಲ್ಲಿ ಬರುವ ಕಾಯಿಲೆಯೂ ಒಂದೇ ಎಂದ ಕ್ಯಾಟ್ಜ್‌ಮನ್ ವಾದವನ್ನು ಉಳಿಸಿಕೊಳ್ಳಬೇಕೇ, ಬಿಡಬೇಕೇ? ಹೊಸ ಔಷಧಗಳ ಪ್ರಯೋಗಗಳಲ್ಲಿ ಪಾಲ್ಗೊಂಡವರು ಬಹುಪಾಲು ಶ್ರೀಮಂತ ದೇಶಗಳವರು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಎರಡೂ ಇರುವ, ಹೊಗೆ ತುಂಬಿದ ಒಲೆಯ ಮುಂದೆ ಬದುಕು ಸವೆಸಿದ, ಶಾಲೆಗೆ ಹೋಗದಿದ್ದರೂ ಎರಡು ಮೂರು ಭಾಷೆ ಆಡುವ ಕೋಲಾರದ ಹಳ್ಳಿಯ ಮಹಿಳೆಗೆ ಆ ಫಲಿತಾಂಶ ಎಷ್ಟು ಅನ್ವಯಿಸುತ್ತದೆ? ಅದಕ್ಕೆ ಉತ್ತರ ಸಿಗಬೇಕಾದರೆ ಶ್ರೀನಿವಾಸಪುರದಂಥ ಅಧ್ಯಯನಗಳು ಇನ್ನೂ ಹಲವು ವರ್ಷ ನಡೆಯಬೇಕು, ಅಂಥವು ಬೇರೆ ಜಿಲ್ಲೆಗಳಲ್ಲೂ ಶುರುವಾಗಬೇಕು.